ತೆಂಗಿನಕಾಯಿ ಎದ್ದು ನಿಂತಲ್ಲಿ ನದಿ ಇರುವುದಿಲ್ಲ

ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ‘ಗಂಗೆ ಹರೀತಾಳೆ’ ಎಂದು ಬೋರ್ ಪಾಯಿಂಟ್ ಗುರುತಿಸುವುದು ಚಿತ್ರದುರ್ಗದ ಸೀಮೆಯಲ್ಲಿ ಇವತ್ತಿಗೂ ಉಂಟು. ಕಾಯಿಯನ್ನು ಎಬ್ಬಿಸುವುದು ಗಂಗೆಯಲ್ಲ, ಹಿಡಿದವರಿಗೇ ತಿಳಿಯದಂತೆ ಅಲುಗುವ ಕೈಯ ಸ್ನಾಯು. ನೀರು ಬಿತ್ತಲ್ಲ ಅನ್ನುತ್ತೀರಾ? ಕಾಯಿ ಹಿಡಿಯದೆ ಕೊರೆದರೂ ಹಲವು ಕಡೆ ಒಂದಿಷ್ಟು ಬೀಳುತ್ತದೆ. ಎಷ್ಟು ದಿನ ಬರುತ್ತದೆ ಎಂಬುದೇ ಪ್ರಶ್ನೆ.

ಇಲ್ಲಿ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಮೇಲಿನ ಶಿಥಿಲ ಕಲ್ಲಿನ ಪದರವನ್ನು ಮಂಡಕ್ಕಿ ಚೀಲ ಅಂದುಕೊಳ್ಳಿ: ಕಾಳು ಕಾಳಿನ ನಡುವೆ ಸಂದು, ಸಂದಿನಲ್ಲಿ ನೀರು. ಕೆಳಗಿನ ಬಂಡೆಯ ಸೀಳುಗಳು ಆ ಚೀಲಕ್ಕೆ ಸಿಕ್ಕಿಸಿದ ಸ್ಟ್ರಾಗಳು. ಚೀಲ ಒಣಗಿದರೆ ಸ್ಟ್ರಾ ಎಷ್ಟು ಉದ್ದವಿದ್ದು ಏನು ಫಲ? ಸಾವಿರ ಅಡಿ ಕೊರೆಸುವವರು ಸ್ಟ್ರಾ ಉದ್ದ ಮಾಡುತ್ತಿದ್ದಾರೆ ಅಷ್ಟೇ. ಚೀಲದ ನೀರೂ ಪೂರ್ತಿ ಕೈಗೆ ಬರುವುದಿಲ್ಲ. ಹಿಂಡಿದ ಬಟ್ಟೆಯಲ್ಲಿ ತೇವ ಉಳಿದ ಹಾಗೆ ಬಹುಪಾಲು ಅಂಟಿಕೊಂಡೇ ಇರುತ್ತದೆ. ಪದರದ ಒಟ್ಟು ಗಾತ್ರದ ಶೇ. 2ರಷ್ಟು ನೀರು ಇಳಿದು ಬರುತ್ತದೆ ಅಂದುಕೊಂಡರೆ, ಒಂದು ಎಕರೆಯಲ್ಲಿ ನೀರಿನ ಮಟ್ಟ ಒಂದು ಮೀಟರ್ ಇಳಿದಾಗ ಸಿಗುವುದು ಸುಮಾರು 80 ಸಾವಿರ ಲೀಟರ್.

ಕಲ್ಲು ನೀರು ಕುಡಿಯುವುದಿಲ್ಲ ಎಂದು ದುರ್ಗದ ಕೋಟೆ ಕಟ್ಟಿದವರಿಗೆ ಗೊತ್ತಿತ್ತು. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಅವರು ಹೊಂಡಗಳಲ್ಲಿ ಹಿಡಿದರು. ಮೇಲಿನದು ತುಂಬಿದರೆ ಕೆಳಗಿನದಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ.

ಹೊಲದಲ್ಲಿ ಮಳೆ ಹಿಡಿಯುವ ಇದೇ ಕೆಲಸವನ್ನು, ಹಿಡಿದ ನೀರನ್ನು ನೆಲದೊಳಗೆ ಇಳಿಸುವ ಬೋರಿನ ಸುತ್ತಲಿನ ಇಂಗುಗುಂಡಿ ಮಾಡುತ್ತದೆ. 10 ಅಡಿ ಉದ್ದ, ಅಗಲ, ಆಳ. ಗುಂಡಿಯೊಳಗೆ ಕಾಣುವ ಕೇಸಿಂಗ್ ಪೈಪಿನ (ಮಣ್ಣು ಕುಸಿಯದಂತೆ ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೊಳವೆ) ಕೆಳಭಾಗಕ್ಕೆ ಸಣ್ಣ ತೂತು ಕೊರೆದು, ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿದು ಕಟ್ಟಬೇಕು. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ, ಮತ್ತೊಂದು ಜಾಲರಿ, ಕೊನೆಗೆ ದಪ್ಪ ಮರಳು. ಕಲ್ಲು ತುಂಬಿದ ಗುಂಡಿ ಒಮ್ಮೆಗೆ ಹಿಡಿಯುವುದು ಹತ್ತು ಹನ್ನೊಂದು ಸಾವಿರ ಲೀಟರ್ ಮಾತ್ರ. 50 ಮಿಲಿಮೀಟರ್ ಮಳೆಗೆ ಒಂದು ಎಕರೆ ಮೇಲೆ ಎರಡು ಲಕ್ಷ ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಹರಿದು ಬಂದರೂ 40 ಸಾವಿರ. ಹಾಗಾಗಿ ಪಕ್ಕದಲ್ಲಿ ಕೃಷಿಹೊಂಡ ಇದ್ದರೆ ಚೆನ್ನ.

ಇಂಗುಗುಂಡಿ ಕೆಡುವುದು ಹೂಳಿನಿಂದ. ಎರೆಮಣ್ಣಿನ ಕೆಸರು ನೀರು ನೇರವಾಗಿ ಒಳಗೆ ಹೋದರೆ ಸೀಳುಗಳು ಮುಚ್ಚಿಕೊಳ್ಳುತ್ತವೆ, ಮತ್ತೆ ತೆರೆಯುವುದು ಬಲು ಕಷ್ಟ. ನೀರು ಬರುವ ದಾರಿಯಲ್ಲಿ ಹೂಳು ತಂಗಲು ಬೇರೆ ಗುಂಡಿ ಇರಲೇಬೇಕು. ಮೊದಲ ಮಳೆಯ ನೀರನ್ನು ಆಚೆ ತಿರುಗಿಸಿ. ಪ್ರತಿ ಮುಂಗಾರಿಗೆ ಮುಂಚೆ ಮೇಲಿನ ಮರಳು ಕೆರೆದು ತೊಳೆಯಿರಿ. ಕೊಟ್ಟಿಗೆಯ ಗಂಜಲ, ಔಷಧಿ ಹೊಡೆದ ತೋಟದ ನೀರು ಹತ್ತಿರ ಸುಳಿಯಕೂಡದು; ಅದೇ ನೀರನ್ನು ನಾಳೆ ಮನೆಯವರು ಕುಡಿಯುತ್ತಾರೆ.

ಇಂಗಿದ್ದು ನಿಮ್ಮ ಬೋರಿಗೇ ಬರುತ್ತದೆಂಬ ಖಾತ್ರಿಯೂ ಇಲ್ಲ. ಸೀಳು ಪಕ್ಕದ ಹೊಲದ ಕಡೆ ವಾಲಿದ್ದರೆ ಲಾಭ ಅವರಿಗೇ! ತಿಳಿಯಬೇಕಾದರೆ ರಾತ್ರಿಯಿಡೀ ಮೋಟಾರ್ ನಿಲ್ಲಿಸಿ, ಬೆಳಿಗ್ಗೆ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಎಷ್ಟು ಅಡಿಗೆ ನೀರು ಮುಟ್ಟಿತು ನೋಡಿ: ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ. ಪಕ್ಕದವರ ಬೋರಿನಲ್ಲೂ.