ಎಲ್‌ಇಡಿ ಮಿನುಗಿದ ಮೇಲೆ ಕಲಿಯಬೇಕಾದದ್ದು

ಆಟೋಮೋಟಿವ್ ಕಂಪನಿಗಳಲ್ಲಿ ಎಂಬೆಡೆಡ್ ಕೆಲಸ (ಯಂತ್ರದೊಳಗಿನ ಚಿಪ್‌ಗೆ ಕೋಡ್ ಬರೆಯುವ ಕೆಲಸ) ಹುಡುಕುವವರು ತರಬೇತಿಗೆ ಬಂದ ಕೂಡಲೇ ಕೇಳುವ ಪ್ರಶ್ನೆ: ಯಾವ ಚಿಪ್ ಕಲಿಯಬೇಕು? ಎಸ್‌ಟಿಎಂ32 ಸಾಕಾ? ಇನ್ಫಿನಿಯನ್‌ನ ಆರಿಕ್ಸ್ ಗೊತ್ತಿರಲೇಬೇಕಾ? ಎನ್‌ಎಕ್ಸ್‌ಪಿಯ ಎಸ್‌32ಕೆ, ರೆನೆಸಾಸ್‌ನ ಆರ್‌ಎಚ್‌850 ಹೇಳಿಕೊಡ್ತೀರಾ? ಕೆಲಸದ ಜಾಹೀರಾತುಗಳಲ್ಲಿ ಈ ಹೆಸರುಗಳೇ ಇರುವುದರಿಂದ ಹೀಗೆ ಕೇಳುವುದು ಸಹಜ. ನಾನು ಉತ್ತರ ಹೇಳುವ ಮೊದಲು ಬೋರ್ಡ್ ಮೇಲೆ ಒಂದು ಲೆಕ್ಕ ಬರೆಯುತ್ತೇನೆ.

ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ. ಅಂದರೆ ಸೆಕೆಂಡಿಗೆ 100 ಸುತ್ತು, ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಒಂದು ಸುತ್ತಿಗೆ 360 ಡಿಗ್ರಿ. ಹಾಗಾದರೆ ಇಂಜಿನ್‌ನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಒಂದು ಡಿಗ್ರಿ ತಿರುಗಲು ಸುಮಾರು 28 ಮೈಕ್ರೋಸೆಕೆಂಡ್ ಸಾಕು. ಸ್ಪಾರ್ಕ್ ಕೆಲವು ಡಿಗ್ರಿ ಮುಂಚೆ ಬಿದ್ದರೆ ಇಂಜಿನ್ ನಾಕ್ ಆಗಬಹುದು, ತಡವಾಗಿ ಬಿದ್ದರೆ ಎಳೆತ ಕಮ್ಮಿಯಾಗುತ್ತದೆ. 72 ಮೆಗಾಹರ್ಟ್ಸ್‌ನಲ್ಲಿ ಓಡುವ ಎಸ್‌ಟಿಎಂ32ಎಫ್103 ಚಿಪ್‌ಗೆ ಆ ಒಂದು ಡಿಗ್ರಿ ಅಂದರೆ 2000 ಕ್ಲಾಕ್ ಸೈಕಲ್. ಈ 2000 ಸೈಕಲ್ ಎಲ್ಲೆಲ್ಲಿ ಖರ್ಚಾಗುತ್ತವೆ ಅಂತ ಅಳೆದು ತೋರಿಸಲು ಬಂದರೆ ಚಿಪ್ ಯಾವುದಾದರೂ ನಡೆಯುತ್ತದೆ. ಅದು ಬರದಿದ್ದರೆ ಆರಿಕ್ಸ್ ಬೋರ್ಡ್ ಕೊಂಡರೂ ಅಷ್ಟೇ, ಅದರ ಮೇಲೂ ಹೊಸಬರ ಮೊದಲ ಪಾಠದ ಹಾಗೆ ಎಲ್‌ಇಡಿಯನ್ನೇ ಮಿನುಗಿಸುತ್ತೀರಿ.

ಅದಕ್ಕೇ ನನ್ನ ತರಗತಿಯಲ್ಲಿ ಎಲ್‌ಇಡಿ ಮಿನುಗಿದ ಮೇಲೆ ಮೊದಲ ದೊಡ್ಡ ಅಭ್ಯಾಸ ಕ್ರ್ಯಾಂಕ್ ಚಕ್ರದ್ದು. ಬಹಳಷ್ಟು ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ಗೆ ಹಲ್ಲಿನ ಚಕ್ರವೊಂದು ಇರುತ್ತದೆ. 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಉಳಿದ 58 ಹಲ್ಲು ಸೆನ್ಸರ್ ಮುಂದೆ ಹಾದುಹೋಗುತ್ತವೆ. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ, ಅಂದರೆ 6000 ಆರ್‌ಪಿಎಂನಲ್ಲಿ 167 ಮೈಕ್ರೋಸೆಕೆಂಡ್. ಬಿಟ್ಟ ಹಲ್ಲಿನ ಜಾಗದಲ್ಲಿ ಆ ಅಂತರ ಮೂರು ಪಟ್ಟು, 500 ಮೈಕ್ರೋಸೆಕೆಂಡ್. ಈ ಉದ್ದದ ಅಂತರ ಸಿಕ್ಕಿದಾಗಲೇ ಚಕ್ರ ಎಲ್ಲಿದೆ ಅಂತ ಕಂಟ್ರೋಲರ್‌ಗೆ ಗೊತ್ತಾಗುವುದು.

ಇದಕ್ಕೆ ಇಂಜಿನ್ ಬೇಕಿಲ್ಲ. ಎರಡು ಅಗ್ಗದ ಬೋರ್ಡ್ ಸಾಕು. ಒಂದು ಬೋರ್ಡ್ ಹಲ್ಲಿನ ಸಿಗ್ನಲ್ ಹೊರಡಿಸುತ್ತದೆ, ಇನ್ನೊಂದು ಓದಿ ಆರ್‌ಪಿಎಂ ಹೇಳಬೇಕು. ಸಾಮಾನ್ಯವಾಗಿ ಎಲ್ಲರೂ ಮೊದಲು ಬರೆಯುವ ಕೋಡ್ ಒಂದೇ ಥರ: ಪಿನ್ ಮೇಲೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಚಿಪ್ಪನ್ನು ಕರೆಯುವ ಸಂಕೇತ) ಹಾಕಿ, ಆ ಕರೆಗೆ ಓಡುವ ಕೋಡ್ ಆದ ಹ್ಯಾಂಡ್ಲರ್ ಒಳಗೆ ಟೈಮರ್ ಓದುವುದು. ಕಡಿಮೆ ವೇಗದಲ್ಲಿ ಚೆನ್ನಾಗೇ ಓಡುತ್ತದೆ. ಆಮೇಲೆ ನಾನು ಇನ್ನೊಂದು ಇಂಟರಪ್ಟ್ ಸೇರಿಸಲು ಹೇಳುತ್ತೇನೆ, ಸೀರಿಯಲ್ ಪೋರ್ಟ್‌ನದ್ದೋ ಎಡಿಸಿಯದ್ದೋ (ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ). ಆಗ ಆರ್‌ಪಿಎಂ ಕುಣಿಯಲು ಶುರುವಾಗುತ್ತದೆ. ಹಲ್ಲು ಬಂದದ್ದು ಸರಿಯಾದ ಸಮಯಕ್ಕೇ. ಆದರೆ ಚಿಪ್ ಬೇರೆ ಹ್ಯಾಂಡ್ಲರ್‌ನಲ್ಲಿ ಸಿಕ್ಕಿಕೊಂಡಿತ್ತು, ಟೈಮರ್ ಓದಿದ್ದು ತಡವಾಯಿತು, ಆ ತಡ ಅಳತೆಯೊಳಗೆ ಸೇರಿಕೊಂಡಿತು.

ಪರಿಹಾರ ಆ ಚಿಪ್‌ನಲ್ಲೇ ಇದೆ. ಇನ್‌ಪುಟ್ ಕ್ಯಾಪ್ಚರ್ ಅಂತ. ಪಿನ್ ಬದಲಾದ ಗಳಿಗೆಯಲ್ಲೇ ಟೈಮರ್‌ನ ಸಂಖ್ಯೆಯನ್ನು ಹಾರ್ಡ್‌ವೇರೇ ಒಂದು ರಿಜಿಸ್ಟರ್‌ಗೆ (ಚಿಪ್ ಒಳಗೆ ಸಂಖ್ಯೆ ಇಡುವ ಸಣ್ಣ ಜಾಗ) ಬರೆದಿಡುತ್ತದೆ. ಮುಂದಿನ ಹಲ್ಲು ಬರುವುದರೊಳಗೆ ಸಾಫ್ಟ್‌ವೇರ್ ಬಂದು ಓದಿಕೊಂಡರೆ ಸಾಕು, ಅಳತೆ ಕೆಡುವುದಿಲ್ಲ. ಇದನ್ನು ಸ್ಲೈಡ್‌ನಲ್ಲಿ ಎಷ್ಟು ಸಲ ತೋರಿಸಿದರೂ ತಲೆಗೆ ಹೋಗುವುದಿಲ್ಲ. ಕುಣಿಯುತ್ತಿದ್ದ ಸಂಖ್ಯೆ ತಟ್ಟನೆ ನಿಂತದ್ದನ್ನು ಕಣ್ಣಾರೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಅದಾದ ಮೇಲೆ ಸಿಗ್ನಲ್ ಕೊಡುವ ಬೋರ್ಡ್‌ನ ವೇಗವನ್ನು ಏರಿಳಿಸಿ ನೋಡಬೇಕು. ಸ್ಟಾರ್ಟರ್ ಮೋಟಾರ್ ಇಂಜಿನ್ ತಿರುಗಿಸುವಾಗ ಪ್ರತಿ ಕಂಪ್ರೆಷನ್‌ಗೂ ವೇಗ ಬೀಳುತ್ತದೆ, ಮತ್ತೆ ಏರುತ್ತದೆ. ‘ಹಿಂದಿನ ಅಂತರಕ್ಕಿಂತ ಎರಡು ಪಟ್ಟು ಜಾಸ್ತಿ ಇದ್ದರೆ ಅದೇ ಬಿಟ್ಟ ಹಲ್ಲು’ ಅಂತ ಬರೆದ ಸುಲಭದ ಕೋಡ್ ಇಲ್ಲಿ ಮೋಸಹೋಗಬಹುದು. ಮುಂದಿನ ಅಂತರವನ್ನೂ ನೋಡಿ ಖಚಿತ ಮಾಡಿಕೊಳ್ಳಬೇಕು, 58 ಹಲ್ಲು ಎಣಿಕೆಗೆ ಸಿಕ್ಕವೋ ಇಲ್ಲವೋ ತಾಳೆ ನೋಡಬೇಕು. ಇಷ್ಟು ಮಾಡಿದವರಿಗೆ ಆರಿಕ್ಸ್ ಚಿಪ್‌ನಲ್ಲಿ ಜಿಟಿಎಂ ಅನ್ನುವ ಅಷ್ಟು ದೊಡ್ಡ ಟೈಮರ್ ಘಟಕ ಯಾಕಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಾಷ್ ರೂಪಿಸಿದ ಆ ಘಟಕದಲ್ಲಿ ಹಲ್ಲುಗಳ ನಡುವಿನ ಕೋನವನ್ನು ಅಂದಾಜು ಮಾಡಿ ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆಯುವ ಭಾಗವೇ ಒಂದಿದೆ. ನಾವು ಸಾಫ್ಟ್‌ವೇರ್‌ನಲ್ಲಿ ಒದ್ದಾಡಿದ ಕೆಲಸ ಅಲ್ಲಿ ಹಾರ್ಡ್‌ವೇರ್‌ನಲ್ಲೇ ಆಗುತ್ತದೆ.

ಇದೇ ಅಭ್ಯಾಸದಲ್ಲಿ ಪ್ರಿಂಟ್‌ಎಫ್ ರೋಗವೂ ಬಯಲಿಗೆ ಬರುತ್ತದೆ. ಹ್ಯಾಂಡ್ಲರ್ ಒಳಗೆ ಏನಾಗುತ್ತಿದೆ ನೋಡೋಣ ಅಂತ ಸೀರಿಯಲ್ ಪೋರ್ಟ್‌ಗೆ ಸಂದೇಶ ಬರೆಯುವ ಒಂದು ಪ್ರಿಂಟ್‌ಎಫ್ ಹಾಕುವುದು ಎಲ್ಲರಿಗೂ ಅಭ್ಯಾಸ. ಸೀರಿಯಲ್ ಪೋರ್ಟ್ 115200 ಬಾಡ್‌ನಲ್ಲಿ ಇದ್ದರೆ ಒಂದು ಅಕ್ಷರ ಹೊರಹೋಗಲು ಸುಮಾರು 87 ಮೈಕ್ರೋಸೆಕೆಂಡ್ ಬೇಕು. 20 ಅಕ್ಷರದ ಸಾಲಿಗೆ 1.7 ಮಿಲಿಸೆಕೆಂಡ್. ಅಷ್ಟರಲ್ಲಿ ಹತ್ತು ಹಲ್ಲು ದಾಟಿ ಹೋಗಿರುತ್ತವೆ. ಏನಾಗುತ್ತಿದೆ ಅಂತ ನೋಡಲು ಹೋಗಿ, ಆಗಬೇಕಾದ್ದನ್ನೇ ಕೆಡಿಸಿದ ಹಾಗಾಯಿತು. ಅದರ ಬದಲು ಹ್ಯಾಂಡ್ಲರ್ ಶುರುವಾದಾಗ ಒಂದು ಪಿನ್ ಹೈ ಮಾಡಿ, ಮುಗಿದಾಗ ಲೋ ಮಾಡಿ, ಆ ಪಿನ್‌ಗೆ ಸಿಗ್ನಲ್‌ನ ಏರಿಳಿತ ದಾಖಲಿಸುವ ಲಾಜಿಕ್ ಅನಲೈಸರ್ ಚುಚ್ಚಿ. ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಪರದೆ ಮೇಲೆ ಕಾಣುತ್ತದೆ. ಎಸ್‌ಟಿಎಂ32ಎಫ್103 ಒಳಗಿನ ಕಾರ್ಟೆಕ್ಸ್-ಎಂ3 ಕೋರ್ ಇಂಟರಪ್ಟ್ ಬಂದ 12 ಸೈಕಲ್‌ನಲ್ಲಿ ಹ್ಯಾಂಡ್ಲರ್‌ಗೆ ಬರುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ನಿಮ್ಮ ಬೋರ್ಡ್‌ನಲ್ಲಿ ನಿಜಕ್ಕೂ ಎಷ್ಟಾಯಿತು, ಯಾಕೆ ಜಾಸ್ತಿಯಾಯಿತು ಅನ್ನುವುದು ನೀವೇ ಅಳೆದರೆ ಮಾತ್ರ ಗೊತ್ತಾಗುವುದು.

ನಮ್ಮ ಕಾಲೇಜುಗಳಲ್ಲಿ ಬಹಳ ಕಾಲ 8051 ಅನ್ನುವ ಚಿಪ್ ಹೇಳಿಕೊಟ್ಟರು. ಇಂಟೆಲ್ ಅದನ್ನು ತಂದದ್ದು 1980ರಲ್ಲಿ, 4 ಕಿಲೋಬೈಟ್ ಆರ್‌ಒಎಂ (ROM), 128 ಬೈಟ್ ರ‍್ಯಾಮ್. ಹಳೆಯದನ್ನೇ ಹೇಳಿಕೊಡ್ತಾರೆ ಅಂತ ಎಲ್ಲರೂ ದೂರುತ್ತಾರೆ. ನನಗೆ ಆ ದೂರು ಪೂರ್ತಿ ಒಪ್ಪಿಗೆಯಿಲ್ಲ. 128 ಬೈಟ್‌ನಲ್ಲಿ ಸ್ಟ್ಯಾಕ್ ಎಲ್ಲಿದೆ, ವೇರಿಯಬಲ್ ಎಲ್ಲಿದೆ ಅಂತ ಲೆಕ್ಕ ಇಟ್ಟವರಿಗೆ ಯಾವ ಚಿಪ್ ಆದರೂ ಬೇಗ ಒಗ್ಗುತ್ತದೆ. ಕೊರತೆ ಇರುವುದು ಕಲಿಸುವ ರೀತಿಯಲ್ಲಿ. ಸಿಮ್ಯುಲೇಟರ್‌ನಲ್ಲಿ ಮಾತ್ರ ಕಲಿತವರ ಕೈಗೆ ಬೋರ್ಡ್ ಕೊಟ್ಟರೆ ತೊದಲುತ್ತಾರೆ. ಇನ್ನು ಈಗಿನ ಟೂಲ್‌ಗಳಲ್ಲಿ ಟಿಕ್ ಹಾಕಿದರೆ ಕೋಡ್ ತಾನಾಗೇ ಬರುತ್ತದೆ. ಕೆಲಸಕ್ಕೆ ಅನುಕೂಲ, ಖಂಡಿತ ಬಳಸಿ. ಆದರೆ ಕಲಿಯುವ ಮೊದಲ ತಿಂಗಳಲ್ಲಿ ಬೇಡ ಅನ್ನುವುದು ನನ್ನ ಹಟ.

ಯಾಕೆ ಅಂದರೆ, ಟೂಲ್ ಇಲ್ಲದೆ ಬರೆಯಲು ಕೂತವರು ಮೊದಲ ದಿನವೇ ಒಂದು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಪಿನ್‌ಗಳನ್ನು ನಡೆಸುವ ಜಿಪಿಐಒ ರಿಜಿಸ್ಟರ್‌ಗೆ ಸರಿಯಾದ ಸಂಖ್ಯೆಯನ್ನೇ ಬರೆದಿರುತ್ತಾರೆ, ಆದರೆ ಎಲ್‌ಇಡಿ ಉರಿಯುವುದಿಲ್ಲ. ಡಿಬಗರ್‌ನಲ್ಲಿ ನೋಡಿದರೆ ಬರೆದದ್ದು ರಿಜಿಸ್ಟರ್‌ನಲ್ಲಿ ಇಲ್ಲವೇ ಇಲ್ಲ. ಎಸ್‌ಟಿಎಂ32ನಲ್ಲಿ ಆ ಪೋರ್ಟ್‌ಗೆ ಕ್ಲಾಕ್ ಕೊಡುವ ಬಿಟ್ ಬೇರೆ ಕಡೆ ಇದೆ, ಅದನ್ನು ಮೊದಲು ಆನ್ ಮಾಡಬೇಕು. ಕರೆಂಟ್ ಉಳಿಸಲೆಂದು ಬಳಸದ ಭಾಗಗಳ ಕ್ಲಾಕ್ ಆಫ್ ಆಗಿರುತ್ತದೆ. ಈ ಒಂದು ಬಿಟ್ ಹುಡುಕಲು ಸಾವಿರಕ್ಕೂ ಹೆಚ್ಚು ಪುಟದ ರೆಫರೆನ್ಸ್ ಮ್ಯಾನ್ಯುಯಲ್ ತೆರೆಯಬೇಕಾಗುತ್ತದೆ. ಮ್ಯಾನ್ಯುಯಲ್ ಕಂಡು ಹೆದರದವರು ಆ ದಿನವೇ ತಯಾರಾಗುತ್ತಾರೆ. ಮೇನ್ ಫಂಕ್ಷನ್‌ಗೆ ಮುಂಚೆ ಏನಾಗುತ್ತದೆ ಅನ್ನುವುದೂ ಹೀಗೆಯೇ. ಕಾರ್ಟೆಕ್ಸ್-ಎಂ ರಿಸೆಟ್ ಆದಾಗ ಮೊದಲ ಪದದಿಂದ ಸ್ಟ್ಯಾಕ್ ಪಾಯಿಂಟರ್, ಎರಡನೆಯದರಿಂದ ರಿಸೆಟ್ ಹ್ಯಾಂಡ್ಲರ್‌ನ ವಿಳಾಸ ತೆಗೆದುಕೊಳ್ಳುತ್ತದೆ. ಆಮೇಲೆ ಸ್ಟಾರ್ಟಪ್ ಕೋಡ್ ಫ್ಲ್ಯಾಶ್‌ನಿಂದ ವೇರಿಯಬಲ್‌ಗಳ ಆರಂಭದ ಬೆಲೆಗಳನ್ನು ರ‍್ಯಾಮ್‌ಗೆ ನಕಲು ಮಾಡುತ್ತದೆ, ಉಳಿದದ್ದಕ್ಕೆ ಸೊನ್ನೆ ತುಂಬುತ್ತದೆ. ಚಿಪ್‌ಗೆ ಹೊಸ ಸಾಫ್ಟ್‌ವೇರ್ ತುಂಬುವ ಬೂಟ್‌ಲೋಡರ್ ಬರೆಯುವ ದಿನ ಬಂದಾಗ ಇದು ಗೊತ್ತಿಲ್ಲದಿದ್ದರೆ ಕೈಕಾಲು ಆಡುವುದಿಲ್ಲ.

‘ಈ ವೇರಿಯಬಲ್ ಯಾವಾಗ ಬೇಕಾದರೂ ಬದಲಾಗಬಹುದು, ಪ್ರತಿ ಸಲ ಓದು’ ಅಂತ ಕಂಪೈಲರ್‌ಗೆ ಹೇಳುವ ವೊಲಟೈಲ್ ಪದದ ವಿಷಯ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನಾನು ಕೇಳುವುದಿಲ್ಲ, ಮಾಡಿಸುತ್ತೇನೆ. ವೊಲಟೈಲ್ ಹಾಕದೆ, ಹ್ಯಾಂಡ್ಲರ್ ಒಂದು ಫ್ಲ್ಯಾಗ್ ಏರಿಸಲಿ, ಮೇನ್‌ನಲ್ಲಿ ವೈಲ್ ಲೂಪ್ ಅದಕ್ಕೆ ಕಾಯಲಿ. ಆಪ್ಟಿಮೈಸೇಷನ್ ಇಲ್ಲದೆ ಕಂಪೈಲ್ ಮಾಡಿದರೆ ಓಡುತ್ತದೆ. ಆಪ್ಟಿಮೈಸೇಷನ್ ಏರಿಸಿದ ಕೂಡಲೇ ಲೂಪ್‌ನಲ್ಲೇ ನಿಂತುಬಿಡುತ್ತದೆ. ಅಸೆಂಬ್ಲಿ ತೆರೆದು ನೋಡಿದರೆ ಕಂಪೈಲರ್ ಮಾಡಿಕೊಟ್ಟ ಕೋಡ್ ಫ್ಲ್ಯಾಗನ್ನು ಒಂದೇ ಸಲ ಓದಿ ಸುಮ್ನೆ ಸುತ್ತುತ್ತಿರುತ್ತದೆ. ‘ನನ್ನ ಹತ್ತಿರ ಓಡುತ್ತಿತ್ತು, ರಿಲೀಸ್‌ನಲ್ಲಿ ಓಡ್ತಿಲ್ಲ’ ಅನ್ನುವ ಎಷ್ಟೋ ದೂರುಗಳ ಬೇರು ಇಲ್ಲಿದೆ.

ಮೆಮೊರಿ, ಟೈಮರ್ ಎಲ್ಲ ಒಳಗೇ ಇರುವ ಮೈಕ್ರೋಕಂಟ್ರೋಲರ್ ಬೇಕಾ, ಹೊರಗಿನ ಮೆಮೊರಿ ಬಳಸುವ ದೊಡ್ಡ ಪ್ರೊಸೆಸರ್ ಬೇಕಾ ಅನ್ನುವ ಪ್ರಶ್ನೆಗೂ ಉತ್ತರ ಸಮಯದಲ್ಲೇ ಇದೆ. ಡ್ಯಾಶ್‌ಬೋರ್ಡ್‌ನ ದೊಡ್ಡ ಪರದೆಯ ಹಿಂದೆ ಕಾರ್ಟೆಕ್ಸ್-ಎ ಥರದ ಪ್ರೊಸೆಸರ್, ಹೊರಗಿನ ಡಿ-ರ‍್ಯಾಮ್, ಲಿನಕ್ಸ್ ಅಥವಾ ಆಂಡ್ರಾಯ್ಡ್ ಇರುತ್ತದೆ. ಶಕ್ತಿ ಜಾಸ್ತಿ, ಆದರೆ ಎದ್ದು ಕೂರಲು ಹಲವು ಸೆಕೆಂಡ್ ಬೇಕು. ಅಮೆರಿಕದ ನಿಯಮದ ಪ್ರಕಾರ ರಿವರ್ಸ್ ಗೇರ್ ಹಾಕಿದ 2 ಸೆಕೆಂಡ್‌ನೊಳಗೆ ಹಿಂದಿನ ಕ್ಯಾಮೆರಾದ ಚಿತ್ರ ಪರದೆಯಲ್ಲಿ ಬರಬೇಕು. ಕೀ ತಿರುಗಿಸಿದ ಕೂಡಲೇ ರಿವರ್ಸ್ ಹಾಕುವವರೂ ಇರುತ್ತಾರಲ್ಲ? ಅದಕ್ಕೇ ಕೆಲವು ವಿನ್ಯಾಸಗಳಲ್ಲಿ ದೊಡ್ಡ ವ್ಯವಸ್ಥೆ ಏಳುವ ಮುಂಚೆಯೇ ಚಿಪ್‌ನ ಒಂದು ಚಿಕ್ಕ ಕೋರ್ ಕ್ಯಾಮೆರಾ ಚಿತ್ರವನ್ನು ನೇರ ಪರದೆಗೆ ಕಳಿಸುತ್ತದೆ. ಒಂದೇ ಚಿಪ್ ಒಳಗೆ ಎರಡು ಲೋಕ. ಇಂಥ ಕೆಲಸಕ್ಕೆ ಎರಡೂ ಕಡೆ ಕಾಲಿಟ್ಟವರು ಬೇಕು, ಅಂಥವರು ಈಗಲೂ ಕಡಿಮೆ.

ಇನ್ನು ಕೆಡುವುದರ ವಿಷಯ. ತರಬೇತಿಗಳಲ್ಲಿ ಅತಿ ಕಡಿಮೆ ಕಲಿಸುವುದು ಇದನ್ನೇ, ನನಗೆ ಅತಿ ಹೆಚ್ಚು ಬೇಸರ ಇರುವುದೂ ಇದರ ಬಗ್ಗೆಯೇ. ವಾಚ್‌ಡಾಗ್ ಅಂದರೆ ಸಾಫ್ಟ್‌ವೇರ್ ಹೊತ್ತಿಗೆ ಸರಿಯಾಗಿ ‘ನಾನಿದ್ದೇನೆ’ ಅನ್ನದಿದ್ದರೆ ಚಿಪ್ಪನ್ನು ರಿಸೆಟ್ ಮಾಡುವ ಟೈಮರ್. ಇದನ್ನು ಟೈಮರ್ ಇಂಟರಪ್ಟ್ ಒಳಗಿನಿಂದ ರಿಫ್ರೆಶ್ ಮಾಡಿದ ಕೋಡ್ ನಾನು ಮತ್ತೆ ಮತ್ತೆ ನೋಡುತ್ತೇನೆ. ಅಲ್ಲಿ ಮೇನ್ ಲೂಪ್ ಸತ್ತು ಬಿದ್ದರೂ ಇಂಟರಪ್ಟ್ ತನ್ನ ಪಾಡಿಗೆ ಬರುತ್ತಲೇ ಇರುತ್ತದೆ, ವಾಚ್‌ಡಾಗ್ ಎಲ್ಲ ಸರಿ ಇದೆ ಅಂತ ನಂಬಿಕೊಂಡಿರುತ್ತದೆ. ಪ್ರತಿಯೊಂದು ಟಾಸ್ಕ್ ತನ್ನ ಕೆಲಸ ಮುಗಿಸಿ ಗುರುತು ಹಾಕಬೇಕು, ಎಲ್ಲ ಗುರುತೂ ಬಿದ್ದಿದ್ದರೆ ಮಾತ್ರ ಒಂದು ಜಾಗದಿಂದ ರಿಫ್ರೆಶ್ ಆಗಬೇಕು. ವಿಂಡೋ ವಾಚ್‌ಡಾಗ್ ಆದರೆ ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಸ್ಟೀರಿಂಗ್, ಬ್ರೇಕ್‌ನಂಥ ಕಡೆ ಇಷ್ಟೂ ಸಾಲದು. ಆರಿಕ್ಸ್ ಟಿಸಿ397ನಲ್ಲಿ 300 ಮೆಗಾಹರ್ಟ್ಸ್‌ನ ಆರು ಕೋರ್‌ಗಳಿವೆ. ಅದರಲ್ಲಿ ನಾಲ್ಕಕ್ಕೆ ಲಾಕ್‌ಸ್ಟೆಪ್ ಜೊತೆಗಾರ ಇದೆ: ಅದೇ ಕೆಲಸವನ್ನು ಇನ್ನೊಂದು ಕೋರ್ ಸ್ವಲ್ಪ ಹಿಂದೆ ಮಾಡುತ್ತಾ ಬರುತ್ತದೆ, ಫಲಿತಾಂಶ ತಾಳೆಯಾಗದಿದ್ದರೆ ಹಾರ್ಡ್‌ವೇರ್ ಕೂಗಿಕೊಳ್ಳುತ್ತದೆ. ವಾಹನಗಳ ಸುರಕ್ಷತೆಗೆ 2011ರಲ್ಲಿ ಬಂದ ಐಎಸ್‌ಒ 26262 ಮಾನದಂಡ, ಅದರ 2018ರ ಆವೃತ್ತಿ, ಅಪಾಯದ ಮಟ್ಟ ಹೇಳುವ ಅಸಿಲ್ ಎ ಇಂದ ಡಿ ವರೆಗಿನ ಹಂತಗಳು ಎಲ್ಲ ಹೇಳುವುದು ಇದನ್ನೇ: ಕೆಟ್ಟಾಗ ಎಷ್ಟು ಬೇಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ವಾಹನ ಎಷ್ಟು ಬೇಗ ಅಪಾಯವಿಲ್ಲದ ಸ್ಥಿತಿಗೆ ಬರುತ್ತದೆ.

ಕಾರಿನ ಕಂಟ್ರೋಲರ್‌ಗಳು ಎರಡು ತಂತಿಯ ಮೇಲೆ ಮಾತಾಡಿಕೊಳ್ಳುವ ಕ್ಯಾನ್ ಬಸ್ ಕಲಿಸುವಾಗಲೂ ಹಾಗೆಯೇ, ಕೆಡಿಸಿ ಕಲಿಸಬೇಕು. 1986ರಲ್ಲಿ ಬಾಷ್ ಮುಂದಿಟ್ಟ ಈ ಬಸ್ ಇಂದಿಗೂ ಕಾರಿನ ಬೆನ್ನೆಲುಬು. ಮೊದಲು ಕರೆಂಟ್ ತೆಗೆದು ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಡಿ. ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇದ್ದರೆ 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿಯದ್ದು ಬಿಟ್ಟುಹೋಗಿದೆ. ಕೋಡ್ ತೆರೆಯುವ ಮುಂಚೆಯೇ ಅರ್ಧ ಸಮಸ್ಯೆ ಇಲ್ಲಿ ಮುಗಿಯುತ್ತದೆ. ಆಮೇಲೆ ಒಂದೇ ಬೋರ್ಡ್ ಇಟ್ಟು ಸಂದೇಶ ಕಳಿಸಿ. ಉತ್ತರಿಸಲು ಬಸ್ ಮೇಲೆ ಇನ್ನೊಬ್ಬರಿಲ್ಲದ್ದರಿಂದ ಅಕ್ನಾಲೆಡ್ಜ್ ಸಿಗುವುದಿಲ್ಲ, ಚಿಪ್ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತದೆ. ಎರರ್ ಕೌಂಟರ್ 128ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಬಸ್-ಆಫ್ (ಚಿಪ್ ತಾನೇ ಬಸ್‌ನಿಂದ ಹೊರಗುಳಿಯುವುದು) ಆಗುವುದಿಲ್ಲ. ಕೋಡ್ ತಪ್ಪಿದೆ ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಈ ಜಾಗದಲ್ಲೇ ಜಾಸ್ತಿ. ಈಗ ಎರಡನೇ ಬೋರ್ಡ್ ಸೇರಿಸಿ, ಎಲ್ಲ ಸರಿಯಾಗಿ ಓಡುವಾಗ ಎರಡು ತಂತಿಗಳನ್ನು ಶಾರ್ಟ್ ಮಾಡಿ. ಕಳಿಸುವಾಗ ಆಗುವ ಪ್ರತಿ ತಪ್ಪಿಗೂ ಕೌಂಟರ್ 8 ಏರುತ್ತದೆ, 255 ದಾಟಿದ ಕೂಡಲೇ ಬಸ್-ಆಫ್. ಶಾರ್ಟ್ ತೆಗೆದ ಮೇಲೆ ನಿಮ್ಮ ಕೋಡ್ ತಾನಾಗಿ ಬಸ್‌ಗೆ ವಾಪಸ್ ಬರುತ್ತದಾ? ಎಷ್ಟು ಹೊತ್ತಿನಲ್ಲಿ? ಸಂದರ್ಶನದಲ್ಲಿ ನಾನು ಕೂತಿದ್ದರೆ ಕೇಳುವುದು ಇದನ್ನೇ.

ಈ ಇಡೀ ಪಾಠಕ್ಕೆ ದುಡ್ಡು ಜಾಸ್ತಿ ಬೇಡ. ಎಸ್‌ಟಿಎಂ32ಎಫ್103 ಇರುವ ಎರಡು ಬೋರ್ಡ್, ಒಂದು ಡಿಬಗರ್, ಚಿಪ್ಪನ್ನು ಕ್ಯಾನ್ ತಂತಿಗೆ ಜೋಡಿಸುವ ಎರಡು ಕ್ಯಾನ್ ಟ್ರಾನ್ಸೀವರ್, ಎಂಟು ಚಾನೆಲ್‌ನ ಸಣ್ಣ ಲಾಜಿಕ್ ಅನಲೈಸರ್. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಒಂದೊಂದೂ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ನಕಲಿ ಚಿಪ್ ಇರುವುದುಂಟು, ಡಿಬಗರ್ ಗುರುತಿಸದಿದ್ದರೆ ಮೊದಲು ಅದನ್ನು ಅನುಮಾನಿಸಿ. ಆರು ತಿಂಗಳ ಕೋರ್ಸ್‌ಗೆ ದೊಡ್ಡ ಮೊತ್ತ ಕಟ್ಟುವ ಮುಂಚೆ ಆ ಸಂಸ್ಥೆಯ ಲ್ಯಾಬ್‌ಗೆ ಹೋಗಿ ನೋಡಿ. ಆಸಿಲೋಸ್ಕೋಪ್ ಎಷ್ಟಿವೆ, ಒಂದು ಬೋರ್ಡ್‌ಗೆ ಎಷ್ಟು ಜನ, ಬೋರ್ಡ್ ಮನೆಗೆ ಒಯ್ಯಲು ಬಿಡುತ್ತಾರಾ ಅಂತ ಕೇಳಿ. ಪ್ಲೇಸ್‌ಮೆಂಟ್ ಫೋಟೋಗಳನ್ನು ಆಮೇಲೆ ನೋಡಿದರಾಯಿತು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ನಮ್ಮ ಊರಿನ ಬಹುತೇಕ ಹೊಸ ಸಾಮಾನ್ಯ ಬೈಕ್‌ಗಳಿಗೂ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಅಂದರೆ ಈಗ ಅಂಥ ಒಂದೊಂದು ಬೈಕ್‌ನಲ್ಲೂ ಈ ಮೈಕ್ರೋಸೆಕೆಂಡ್ ಲೆಕ್ಕ ಮಾಡುವ ಚಿಪ್ ಇದೆ. ಹಾಸನ, ದಾವಣಗೆರೆ, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಬರುವವರಿಗೆ ಬೈಕ್ ಬಿಚ್ಚಿ ಜೋಡಿಸಿದ ಅನುಭವ ಇರುತ್ತದೆ. ಇಂಗ್ಲಿಷ್ ಮ್ಯಾನ್ಯುಯಲ್ ಮುಂದೆ ಮಾತ್ರ ಹಿಂಜರಿಯುತ್ತಾರೆ. ಅವರಿಗೆ ಇಂಟರಪ್ಟ್, ಸ್ಟ್ಯಾಕ್, ರಿಜಿಸ್ಟರ್ ಎಲ್ಲವನ್ನೂ ಕನ್ನಡದಲ್ಲೇ ಮಾತಾಡಿ ಹೇಳಿ, ಆಮೇಲೆ ಮ್ಯಾನ್ಯುಯಲ್‌ನ ಅದೇ ಪುಟವನ್ನು ಜೊತೆಗೆ ಕೂತು ಓದಿಸುತ್ತೇನೆ. ಮೊದಲ ವಾರ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಟೈಮರ್‌ನ ಅಧ್ಯಾಯಕ್ಕೆ ಬರುವ ಹೊತ್ತಿಗೆ ಯಾವ ಬಿಟ್ ಯಾವ ಪುಟದಲ್ಲಿದೆ ಅಂತ ಅವರೇ ಪಕ್ಕದವರಿಗೆ ಹೇಳುತ್ತಿರುತ್ತಾರೆ.