ಯುವಿ ಸೆಟಿ: ಹೆಸರಿನಲ್ಲಿರುವ ‘ಯುವಿ’ಗೂ ನೇರಳಾತೀತ ಕಿರಣಕ್ಕೂ ಸಂಬಂಧವಿದೆಯೇ?

ಪ್ರಶ್ನೆ: ಸೂರ್ಯನಿಗೆ ಹತ್ತಿರದ ನಕ್ಷತ್ರಗಳ ಪಟ್ಟಿಯೊಂದರಲ್ಲಿ ‘ಯುವಿ ಸೆಟಿ’ ಎಂಬ ಹೆಸರು ಕಂಡಿತು. ಬೇರೊಂದು ಪಟ್ಟಿಯಲ್ಲಿ ಅದೇ ಜಾಗದಲ್ಲಿ ‘ಲೂಯ್ಟನ್ 726-8’ ಎಂದಿದೆ, ಮತ್ತೊಂದರಲ್ಲಿ ‘ಗ್ಲೀಸೆ 65’ ಎಂದಿದೆ. ಇವೆಲ್ಲ ಒಂದೇ ನಕ್ಷತ್ರವೇ? ನೇರಳಾತೀತ ಕಿರಣಗಳನ್ನು ಹೆಚ್ಚಾಗಿ ಸೂಸುವುದರಿಂದ ಅದಕ್ಕೆ ಯುವಿ ಎಂಬ ಹೆಸರು ಬಂತೇ?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ನಕ್ಷತ್ರದ ಬಗ್ಗೆ ಹೆಚ್ಚಿನವರು ಕೇಳುವುದು ಅದನ್ನೇ. ಮನೆಯ ನೀರಿನ ಫಿಲ್ಟರಿನ ಮೇಲೆ, ತಂಪು ಕನ್ನಡಕದ ಚೀಟಿಯ ಮೇಲೆ ಯುವಿ ಎಂಬ ಎರಡಕ್ಷರವನ್ನು ದಿನವೂ ನೋಡುವ ನಮಗೆ ನಕ್ಷತ್ರದ ಹೆಸರಿನಲ್ಲೂ ಅದೇ ಅರ್ಥ ತೋರುವುದು ಸಹಜ. ಆದರೆ ಇಲ್ಲಿನ ‘ಯು’ ಮತ್ತು ‘ವಿ’ ಯಾವ ಪದದ ಸಂಕ್ಷೇಪವೂ ಅಲ್ಲ. ಅವು ಸರದಿಯ ಗುರುತುಗಳು, ಸಾಲಿನಲ್ಲಿ ನಿಂತವರ ಕೈಗೆ ಕೊಡುವ ಟೋಕನ್ನಿನ ಹಾಗೆ.

ಬೆಳಕು ಏರಿಳಿಯುವ ನಕ್ಷತ್ರಗಳಿಗೆ ಹೆಸರಿಡುವ ಈ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಖಗೋಳಜ್ಞ ಫ್ರೀಡ್ರಿಷ್ ಆರ್ಗೆಲಾಂಡರ್ ಆರಂಭಿಸಿದರು. ಅದಕ್ಕೂ ಹಿಂದೆ, 1603ರಲ್ಲಿ ಪ್ರಕಟವಾದ ತಮ್ಮ ಆಕಾಶ ನಕಾಶೆಯಲ್ಲಿ ಯೋಹಾನ್ ಬಾಯರ್ ಪ್ರತಿ ನಕ್ಷತ್ರಪುಂಜದ ಎದ್ದು ಕಾಣುವ ನಕ್ಷತ್ರಗಳಿಗೆ ಗ್ರೀಕ್ ಅಕ್ಷರಗಳನ್ನೂ, ಅವು ಮುಗಿದ ಮೇಲೆ ಲ್ಯಾಟಿನ್ ಅಕ್ಷರಗಳನ್ನೂ ಕೊಟ್ಟಿದ್ದರು. ಅವರ ಅಕ್ಷರಗಳು ‘ಕ್ಯೂ’ವನ್ನು ದಾಟಿರಲಿಲ್ಲವಾದ್ದರಿಂದ ಆರ್ಗೆಲಾಂಡರ್ ‘ಆರ್’ನಿಂದ ‘ಝಡ್’ವರೆಗಿನ ಒಂಬತ್ತು ಅಕ್ಷರಗಳನ್ನು ಈ ಬಗೆಯ ನಕ್ಷತ್ರಗಳಿಗೆ ಮೀಸಲಿಟ್ಟರು. ಒಂಬತ್ತು ಸಾಲದಾದಾಗ ಜೋಡಿ ಅಕ್ಷರಗಳು ಬಂದವು: ಆರ್‌ಆರ್, ಆರ್‌ಎಸ್, ಹೀಗೆ ಆರ್‌ಝಡ್‌ವರೆಗೆ, ಮತ್ತೆ ಎಸ್‌ಎಸ್‌ನಿಂದ ಎಸ್‌ಝಡ್, ಟಿಟಿಯಿಂದ ಟಿಝಡ್. ಜೋಡಿಯ ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮೊದಲನೆಯದಕ್ಕಿಂತ ಹಿಂದಿನದಾಗಬಾರದು ಎಂಬುದು ನಿಯಮ. ಹಾಗಾಗಿ ಈ ಪಟ್ಟಿಯಲ್ಲಿ ‘ಯುವಿ’ ಇರಬಹುದು, ‘ವಿಯು’ ಇರಲಾರದು. ಝಡ್‌ಝಡ್ ತಲುಪಿದ ನಂತರ ಎಎಯಿಂದ ಆರಂಭಿಸಿ ಕ್ಯೂಝಡ್‌ವರೆಗೆ ಸಾಗುತ್ತಾರೆ, ‘ಜೆ’ ಅಕ್ಷರವನ್ನು ಬಿಡುತ್ತಾರೆ. ಅಲ್ಲಿಗೆ ಒಂದು ಪುಂಜದಲ್ಲಿ 334 ಹೆಸರುಗಳಾಗುತ್ತವೆ. ಮುಂದಿನದು ವಿ335 ಎಂಬ ಸಂಖ್ಯೆ.

ಬೆರಳು ಮಡಿಸಿ ಎಣಿಸಿದರೆ ಯುವಿಯ ಸ್ಥಾನ ತಿಳಿಯುತ್ತದೆ. ಒಂಟಿ ಅಕ್ಷರಗಳು ಒಂಬತ್ತು, ಆರ್ ಸಾಲಿನಲ್ಲಿ ಒಂಬತ್ತು, ಎಸ್ ಸಾಲಿನಲ್ಲಿ ಎಂಟು, ಟಿ ಸಾಲಿನಲ್ಲಿ ಏಳು, ಆಮೇಲೆ ಯುಯು, ಯುವಿ. ಒಟ್ಟು 35. ಅಂದರೆ ಅದು ಇರುವ ತಿಮಿಂಗಿಲ ಪುಂಜದಲ್ಲಿ ಈ ಕ್ರಮದಂತೆ ಹೆಸರು ಪಡೆದ 35ನೆಯ ನಕ್ಷತ್ರ ಅದು. ಹೆಸರು ಹೇಳುವುದು ಇಷ್ಟನ್ನೇ. ಇದೇ ಎಣಿಕೆ ಬೇರೆ ಪುಂಜಗಳಲ್ಲೂ ನಡೆಯುವುದರಿಂದ ಯುವಿ ಪರ್ಸಿಯೈ ಇದೆ, ಯುವಿ ಅರೈಗೆ ಇದೆ. ಈ ಎರಡನೆಯದರ ಮುಖ್ಯ ನಕ್ಷತ್ರವಂತೂ ಇಂಗಾಲ ಹೇರಳವಾಗಿರುವ ಒಂದು ಕೆಂಪು ದೈತ್ಯ. ಎರಡಕ್ಷರದ ಅರ್ಥ ನೇರಳಾತೀತವಾಗಿದ್ದರೆ ಆ ಹೆಸರು ಅದಕ್ಕೆ ಒಪ್ಪುತ್ತಿರಲಿಲ್ಲ.

ಇನ್ನು ‘ಸೆಟಿ’. ತಿಮಿಂಗಿಲ ಪುಂಜದ ಲ್ಯಾಟಿನ್ ಹೆಸರು ಸೆಟಸ್. ಅದರ ಷಷ್ಠೀ ವಿಭಕ್ತಿಯ ರೂಪವೇ ಸೆಟಿ. ‘ತಿಮಿಂಗಿಲ’ ಎಂಬುದು ‘ತಿಮಿಂಗಿಲದ’ ಎಂದಾಗುವಂತೆ. ಪರ್ಸಿಯಸ್ ಎಂಬುದು ಪರ್ಸಿಯೈ, ಅರೈಗ ಎಂಬುದು ಅರೈಗೆ ಆಗುವುದೂ ಇದೇ ವ್ಯಾಕರಣದಿಂದ. ನಮ್ಮ ಬರಹಗಳಲ್ಲಿ ಕೆಲವೊಮ್ಮೆ ‘ಸೆಟಿ ಎಂಬ ನಕ್ಷತ್ರ’ ಎಂದು ಕಾಣುತ್ತದೆ. ಅದು ‘ಊರಿನ ಎಂಬ ಮನೆ’ ಎಂದಂತೆ. ಈ ವಿಭಕ್ತಿಯ ಸಂಗತಿಯನ್ನು ಶಾಲೆಯಲ್ಲೇ ಒಂದು ವಾಕ್ಯದಲ್ಲಿ ಹೇಳಿಕೊಟ್ಟರೆ ಎಷ್ಟೋ ಗೊಂದಲ ತಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಮೂರೂ ಹೆಸರುಗಳು ಒಂದೇ ಕಡೆ ಬೊಟ್ಟು ಮಾಡುತ್ತವೆ ಎಂಬುದು ನಿಜ, ಆದರೆ ಒಂದೇ ವಸ್ತುವಿಗಲ್ಲ. ಅಲ್ಲಿರುವುದು ಯಮಳ ನಕ್ಷತ್ರ, ಅಂದರೆ ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ಜೋಡಿ. ಲೂಯ್ಟನ್ 726-8 ಮತ್ತು ಗ್ಲೀಸೆ 65 ಇಡೀ ಜೋಡಿಯ ಹೆಸರುಗಳು. ಯುವಿ ಸೆಟಿ ಎಂಬುದು ಅವುಗಳಲ್ಲಿ ತುಸು ಹೆಚ್ಚು ಮಸುಕಾದ, ‘ಬಿ’ ಎಂದು ಗುರುತಿಸುವ ನಕ್ಷತ್ರದ ಹೆಸರು. ಸಂಗಾತಿ ‘ಎ’ ಕೂಡ ಬೆಳಕು ಬದಲಿಸುತ್ತದೆಂದು ತಿಳಿದ ಮೇಲೆ ಅದಕ್ಕೆ ಬಿಎಲ್ ಸೆಟಿ ಎಂಬ ಹೆಸರು ಬಂತು. ಮೇಲಿನಂತೆ ಎಣಿಸಿದರೆ ಅದು 89ನೆಯದು. ಜೋಡಿಯನ್ನೇ ಯುವಿ ಸೆಟಿ ಎಂದು ಕರೆಯುವುದು ರೂಢಿಯಲ್ಲಿದೆಯಾದರೂ, ಗುಣಲಕ್ಷಣಗಳನ್ನು ಬರೆಯುವಾಗ ಯಾವ ನಕ್ಷತ್ರದ ಅಂಕಿ ಎಂದು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಲೂಯ್ಟನ್ 726-8 ಎಂಬ ಹೆಸರಿನ ಹಿಂದೆ ಒಬ್ಬ ಮನುಷ್ಯನ ದೀರ್ಘ ಶ್ರಮವಿದೆ. ವಿಲಂ ಲೂಯ್ಟನ್ ಹುಟ್ಟಿದ್ದು 1899ರಲ್ಲಿ, ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ಬಹುಕಾಲ ದುಡಿದದ್ದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಇಪ್ಪತ್ತರ ಹರೆಯದಲ್ಲಿ ಟೆನಿಸ್ ಆಡುವಾಗ ಅವರು ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದರು. ಆಕಾಶದ ಒಂದೇ ಭಾಗವನ್ನು ಹಲವು ವರ್ಷಗಳ ಅಂತರದಲ್ಲಿ ತೆಗೆದ ಎರಡು ಗಾಜಿನ ಫಲಕಗಳನ್ನು ಉಪಕರಣವೊಂದರಲ್ಲಿ ಅಕ್ಕಪಕ್ಕ ಇಟ್ಟು, ಕ್ಷಣಕ್ಕೊಮ್ಮೆ ಇದು, ಕ್ಷಣಕ್ಕೊಮ್ಮೆ ಅದು ಕಾಣುವಂತೆ ಬದಲಿಸುತ್ತಾ ನೋಡುವುದು ಅವರ ಕೆಲಸದ ಕ್ರಮ. ಸಾವಿರಾರು ಚುಕ್ಕೆಗಳು ಅಲುಗಾಡದೆ ನಿಂತಿರುವಾಗ, ಆ ನಡುವಿನ ವರ್ಷಗಳಲ್ಲಿ ಸರಿದ ಒಂದು ಚುಕ್ಕೆ ಮಾತ್ರ ಅತ್ತಿತ್ತ ಜಿಗಿಯುತ್ತದೆ. ಹಾಗೆ ಜಿಗಿಯುವ ಚುಕ್ಕೆ ಸಾಮಾನ್ಯವಾಗಿ ನಮಗೆ ಹತ್ತಿರದ್ದು. ಅವರ ಪಟ್ಟಿಯಲ್ಲಿ 726 ಎಂಬುದು ಆಕಾಶದ ವಲಯದ ಸಂಖ್ಯೆ, 8 ಎಂಬುದು ಆ ವಲಯದೊಳಗಿನ ಕ್ರಮಸಂಖ್ಯೆ. 1948ರಲ್ಲಿ ಈ ಚುಕ್ಕೆ ವರ್ಷಕ್ಕೆ ಸುಮಾರು 3.37 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ಸರಿಯುತ್ತದೆಂದು ಅವರು ಗಮನಿಸಿದರು. ಹುಣ್ಣಿಮೆಯ ಚಂದ್ರನ ಅಗಲವನ್ನು ದಾಟಲು ಅದಕ್ಕೆ ಸುಮಾರು 530 ವರ್ಷ ಬೇಕು. ನಕ್ಷತ್ರಗಳ ಲೋಕದಲ್ಲಿ ಇದು ಬಹಳ ವೇಗ.

ಗ್ಲೀಸೆ 65ರ ಕಥೆ ಚಿಕ್ಕದು. ಜರ್ಮನಿಯ ವಿಲ್ಹೆಲ್ಮ್ ಗ್ಲೀಸೆ ಅವರು 1957ರಲ್ಲಿ ಸೂರ್ಯನ ನೆರೆಯ ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದಾಗ ಅವುಗಳನ್ನು ದೂರದ ಕ್ರಮದಲ್ಲಿ ಜೋಡಿಸಲಿಲ್ಲ, ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಇರುವ ಸ್ಥಾನದ ಕ್ರಮದಲ್ಲಿ ಜೋಡಿಸಿದರು. ಆದ್ದರಿಂದ 65 ಎಂದರೆ 65ನೆಯ ಹತ್ತಿರದ ನಕ್ಷತ್ರ ಎಂದು ಓದಬಾರದು. ದೂರದ ಲೆಕ್ಕದಲ್ಲಿ ಅದು ಬಹಳ ಮುಂದೆ ಇದೆ: ನಮ್ಮಿಂದ ಸುಮಾರು 8.7 ಜ್ಯೋತಿರ್ವರ್ಷ.

ಇಷ್ಟು ಹತ್ತಿರವಿದ್ದೂ ಬರಿಗಣ್ಣಿಗೆ ಕಾಣುವುದಿಲ್ಲ. ಜೋಡಿಯ ಒಟ್ಟು ಕಾಂತಿಮಾನ ಸುಮಾರು 12 (ಈ ಅಳತೆಯಲ್ಲಿ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಸುಕು). ಕತ್ತಲೆಯ ಹಳ್ಳಿಯಲ್ಲಿ ನಿಂತು ಬರಿಗಣ್ಣಿನಿಂದ ಗುರುತಿಸಬಹುದಾದ ಅತಿ ಮಸುಕಾದ ನಕ್ಷತ್ರದ ಕಾಂತಿಮಾನ 6. ಈ ಆರು ಮೆಟ್ಟಿಲುಗಳ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸುಮಾರು 250 ಪಟ್ಟು. ಕಾರಣ, ಇವೆರಡೂ ಎಂ ವರ್ಗದ ಕೆಂಪು ಕುಬ್ಜಗಳು, ಅಂದರೆ ಸಣ್ಣ, ತಂಪಾದ ನಕ್ಷತ್ರಗಳು, ಮೇಲ್ಮೈ ತಾಪ 2,800 ಕೆಲ್ವಿನ್ ಆಸುಪಾಸು. ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಒಂದೊಂದೂ ಸೂರ್ಯನ ಹದಿನೈದು ಸಾವಿರದಲ್ಲಿ ಒಂದು ಪಾಲನ್ನೂ ಕೊಡುವುದಿಲ್ಲ. ಅವುಗಳ ಶಕ್ತಿಯ ಬಹುಪಾಲು ನೇರಳಾತೀತದಲ್ಲಲ್ಲ, ಅದಕ್ಕೆ ತೀರ ಎದುರು ತುದಿಯಾದ ಅವಕೆಂಪು ಕಿರಣಗಳಲ್ಲಿ ಹೊರಬೀಳುತ್ತದೆ.

ಇಂಥ ನಕ್ಷತ್ರಗಳ ತೂಕ ತಿಳಿಯುವುದು ಹೇಗೆ? ಒಂಟಿ ನಕ್ಷತ್ರವಾಗಿದ್ದರೆ ನೇರವಾಗಿ ಅಳೆಯುವುದು ಬಹಳ ಕಷ್ಟವಿತ್ತು. ಜೋಡಿಯಾಗಿರುವುದೇ ಇಲ್ಲಿ ನಮ್ಮ ಭಾಗ್ಯ. ಎರಡೂ ಒಂದನ್ನೊಂದು ಸುಮಾರು 26.3 ವರ್ಷಗಳಲ್ಲಿ ಸುತ್ತುತ್ತವೆ. ನಡುವಿನ ಸರಾಸರಿ ದೂರ, ಭೂಮಿ ಮತ್ತು ಸೂರ್ಯರ ನಡುವಿನ ದೂರದ 5.5 ಪಟ್ಟು. ಕೆಪ್ಲರನ ಮೂರನೆಯ ನಿಯಮದಂತೆ ಈ ದೂರದ ಘನವನ್ನು ವರ್ಷಗಳಲ್ಲಿನ ಕಾಲದ ವರ್ಗದಿಂದ ಭಾಗಿಸಿದರೆ, ಸೂರ್ಯನನ್ನು 1 ಎಂದು ಹಿಡಿದಾಗ ಜೋಡಿಯ ಒಟ್ಟು ದ್ರವ್ಯರಾಶಿ ಸಿಗುತ್ತದೆ. 5.5ರ ಘನ 166, 26.3ರ ವರ್ಗ 692, ಭಾಗಿಸಿದರೆ 0.24. ಎರಡೂ ಸೇರಿ ಸೂರ್ಯನ ದ್ರವ್ಯರಾಶಿಯ ಕಾಲು ಭಾಗವೂ ಇಲ್ಲ ಎಂದಾಯಿತು. ಕಾಗದ ಪೆನ್ಸಿಲ್ ಹಿಡಿದು ಹೈಸ್ಕೂಲಿನ ಮಕ್ಕಳೂ ಮಾಡಬಹುದಾದ ಈ ಲೆಕ್ಕವನ್ನು ನಾನು ಪ್ರತಿ ಸಲ ಮಾಡುವಾಗಲೂ ಬೆರಗಾಗುತ್ತೇನೆ. ಅವುಗಳ ಪಥ ಚೆನ್ನಾಗಿ ಎಳೆದ ದೀರ್ಘವೃತ್ತವಾದ್ದರಿಂದ ನಡುವಿನ ಅಂತರ ಒಮ್ಮೆ ಭೂಮಿ-ಸೂರ್ಯ ದೂರದ 2.1 ಪಟ್ಟಿಗೆ ಇಳಿಯುತ್ತದೆ, ಮತ್ತೊಮ್ಮೆ 8.9 ಪಟ್ಟಿಗೆ ಹಿಗ್ಗುತ್ತದೆ.

ಪಾಲು ಹಂಚುವ ಕೆಲಸವನ್ನು, ಅಂದರೆ ಯಾವುದು ಎಷ್ಟು ಭಾರ ಎಂಬುದನ್ನು, ಎರಡೂ ನಕ್ಷತ್ರಗಳು ಸಮಾನ ಕೇಂದ್ರದ ಸುತ್ತ ಎಷ್ಟೆಷ್ಟು ಅಲುಗುತ್ತವೆಂಬುದರಿಂದ ತಿಳಿಯುತ್ತಾರೆ. ಚಿಲಿಯ ಪರನಾಲ್ ಬೆಟ್ಟದ ಮೇಲಿನ ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಿಎಲ್ ಸೆಟಿಯ ದ್ರವ್ಯರಾಶಿ ಸೂರ್ಯನ 0.1225ರಷ್ಟು, ಯುವಿ ಸೆಟಿಯದು 0.1195ರಷ್ಟು, ತ್ರಿಜ್ಯಗಳು ಕ್ರಮವಾಗಿ ಸೂರ್ಯನ ತ್ರಿಜ್ಯದ 0.165 ಮತ್ತು 0.159ರಷ್ಟು. ಆ ತ್ರಿಜ್ಯವನ್ನು ಪಡೆಯಲು ಅವರು ಅಳೆದ ಕೋನವಾದರೂ ಎಷ್ಟು ಸಣ್ಣದೆಂದರೆ, 25 ಮಿಲಿಮೀಟರ್ ಅಗಲದ ನಾಣ್ಯವನ್ನು ಒಂಬತ್ತು ಸಾವಿರ ಕಿಲೋಮೀಟರ್ ದೂರದಲ್ಲಿಟ್ಟರೆ ಅಷ್ಟು ಕಾಣುತ್ತದೆ.

ಈ ಅಂಕಿಗಳನ್ನು ಗುರುಗ್ರಹದ ಪಕ್ಕದಲ್ಲಿಟ್ಟು ನೋಡಿ. ಅಗಲದಲ್ಲಿ ಬಿಎಲ್ ಸೆಟಿ ಗುರುವಿನ 1.6 ಪಟ್ಟು ಮಾತ್ರ, ಆದರೆ ದ್ರವ್ಯರಾಶಿಯಲ್ಲಿ 128 ಪಟ್ಟು. ಅದರ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 38 ಗ್ರಾಂ ಆಗುತ್ತದೆ, ಚಿನ್ನದ್ದು 19.3. ಚಿನ್ನದ ಎರಡರಷ್ಟು ಸಾಂದ್ರವಾದ ಈ ವಸ್ತು ಅನಿಲವೇ, ಬಹುಪಾಲು ಜಲಜನಕವೇ! ಇನ್ನು ಐದರಲ್ಲಿ ಎರಡು ಭಾಗದಷ್ಟು ಹಗುರವಾಗಿದ್ದಿದ್ದರೆ ಅದರ ಗರ್ಭದಲ್ಲಿ ಜಲಜನಕ ಸ್ಥಿರವಾಗಿ ಉರಿಯುವ ತಾಪವೇ ಹುಟ್ಟುವುದು ಕಷ್ಟವಿತ್ತು, ಆಗ ಅದು ನಕ್ಷತ್ರವೆನಿಸಿಕೊಳ್ಳದೆ ಕಂದು ಕುಬ್ಜವಾಗಿ ಉಳಿಯುತ್ತಿತ್ತು.

ಪುಟ್ಟ ನಕ್ಷತ್ರವಾದ ಯುವಿ ಸೆಟಿ ಖ್ಯಾತಿಗೆ ಬಂದದ್ದು ಅದರ ಹಠಾತ್ ಭುಗಿಲಿನಿಂದ. 1948ರಲ್ಲೇ ಅದು ನಿಮಿಷಗಳೊಳಗೆ ಹಲವು ಪಟ್ಟು ಬೆಳಗಿ ಮತ್ತೆ ಕುಂದಿದ್ದು ಛಾಯಾಚಿತ್ರ ಫಲಕಗಳಲ್ಲಿ ದಾಖಲಾಯಿತು. 1952ರಲ್ಲಿ ಕಂಡ ಭುಗಿಲಂತೂ 20 ಸೆಕೆಂಡುಗಳಲ್ಲಿ ಬೆಳಕನ್ನು 75 ಪಟ್ಟು ಏರಿಸಿತು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 1958ರಿಂದ ಬರ್ನಾರ್ಡ್ ಲೊವೆಲ್ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ರೇಡಿಯೊ ದೂರದರ್ಶಕದಿಂದ ಇಂಥ ಭುಗಿಲುಗಳ ರೇಡಿಯೊ ಸದ್ದನ್ನೂ ಹುಡುಕಿ ಹಿಡಿದರು. ಇಂದು ಹೀಗೆ ಭುಗಿಲೇಳುವ ಕೆಂಪು ಕುಬ್ಜಗಳೆಲ್ಲವನ್ನೂ ‘ಯುವಿ ಸೆಟಿ ಬಗೆಯವು’ ಎಂದೇ ಕರೆಯುತ್ತಾರೆ.

ಕಾರಣ ಅದರ ಒಳರಚನೆಯಲ್ಲಿದೆ. ಸೂರ್ಯನಲ್ಲಿ ಹೊರಪದರ ಮಾತ್ರ ಕುದಿಯುವ ನೀರಿನಂತೆ ಮೇಲೆ ಕೆಳಗೆ ಮಗುಚುತ್ತದೆ. ಇಷ್ಟು ಹಗುರವಾದ ನಕ್ಷತ್ರ ಕೇಂದ್ರದಿಂದ ಮೇಲ್ಮೈಯವರೆಗೂ ಮಗುಚುತ್ತದೆ. ಜೊತೆಗೆ ಸೂರ್ಯ ಒಂದು ಸುತ್ತಿಗೆ ಸುಮಾರು 25 ದಿನ ತೆಗೆದುಕೊಂಡರೆ ಈ ಎರಡೂ ಆರು ಗಂಟೆಯೊಳಗೆ ಗಿರಕಿ ಹೊಡೆಯುತ್ತವೆ. ಮಗುಚುವಿಕೆ ಮತ್ತು ಗಿರಕಿ ಸೇರಿ ಪ್ರಬಲ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ, ಅದರ ಎಳೆಗಳು ತಿರುಚಿ ತುಂಡಾಗಿ ಮತ್ತೆ ಕೂಡಿದಾಗ ಶಕ್ತಿ ಒಮ್ಮೆಲೇ ಹೊರಚಿಮ್ಮುತ್ತದೆ. ಆ ಕೆಲವು ನಿಮಿಷ ನಕ್ಷತ್ರ ನಿಜವಾಗಿಯೂ ನೇರಳಾತೀತ ಕಿರಣಗಳನ್ನು ಧಾರಾಳವಾಗಿ ಸೂಸುತ್ತದೆ. ಹೆಸರಿಗೂ ಅದಕ್ಕೂ ನಂಟಿಲ್ಲದಿದ್ದರೂ ನಿಮ್ಮ ಊಹೆ ಪೂರ್ತಿ ದಾರಿ ತಪ್ಪಿದ್ದಲ್ಲ. ನನಗೆ ಇನ್ನೂ ಕುತೂಹಲ ಹುಟ್ಟಿಸುವುದು ಬೇರೆಯದೇ ಸಂಗತಿ: ದ್ರವ್ಯರಾಶಿ, ಗಿರಕಿಯ ವೇಗ ಎಲ್ಲದರಲ್ಲೂ ಅವಳಿಗಳಂತಿದ್ದರೂ ಯುವಿ ಸೆಟಿಯ ಕಾಂತಕ್ಷೇತ್ರ ಎರಡು ಧ್ರುವಗಳುಳ್ಳ ದೊಡ್ಡ ಅಯಸ್ಕಾಂತದಂತಿದೆ, ಬಿಎಲ್ ಸೆಟಿಯದು ಚೂರು ಚೂರಾಗಿ ಹರಡಿ ದುರ್ಬಲವಾಗಿದೆ.

ನೋಡುವ ಆಸೆಯಿದ್ದವರಿಗೆ: ಡಿಸೆಂಬರ್ ಆರಂಭದ ರಾತ್ರಿ 9ರ ಹೊತ್ತಿಗೆ ಬೆಂಗಳೂರಿನಿಂದ ನೋಡಿದರೆ ತಿಮಿಂಗಿಲ ಪುಂಜದ ಈ ಭಾಗ ದಕ್ಷಿಣದಲ್ಲಿ ಸುಮಾರು 59 ಡಿಗ್ರಿ ಎತ್ತರದಲ್ಲಿರುತ್ತದೆ. ಅಲ್ಲಿ ಬರಿಗಣ್ಣಿಗೆ ಕಾಣುವ ಟೌ ಸೆಟಿಯನ್ನು ಹಿಡಿದು ಎರಡು ಡಿಗ್ರಿಗಿಂತ ತುಸು ಹೆಚ್ಚು ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ಸರಿದರೆ ಆ ಜಾಗ ಸಿಗುತ್ತದೆ. ದೊಡ್ಡ ಹವ್ಯಾಸಿ ದೂರದರ್ಶಕವೂ ಒಳ್ಳೆಯ ನಕಾಶೆಯೂ ಬೇಕು. ಟೌ ಸೆಟಿ ನೋಟಕ್ಕಷ್ಟೇ ಅಲ್ಲ, ದೂರದಲ್ಲೂ ಅದರ ನೆರೆಯದು. ಎರಡರ ನಡುವೆ ಸುಮಾರು 3.2 ಜ್ಯೋತಿರ್ವರ್ಷ.

ಹೆಸರಿನ ಬಗ್ಗೆ ಇನ್ನೊಂದು ಮಾತು ಉಳಿದಿದೆ. 2024ರಲ್ಲಿ ಪರನಾಲ್‌ನಿಂದಲೇ ನಡೆದ ಅಳತೆಗಳು ಈ ಜೋಡಿಯ ಒಂದು ನಕ್ಷತ್ರದ ಸುತ್ತ ನೆಪ್ಚೂನಿನಷ್ಟು ದ್ರವ್ಯರಾಶಿಯ ಗ್ರಹವೊಂದು ಇರಬಹುದೆಂದು ಸೂಚಿಸಿದವು. ಅದು ಅಭ್ಯರ್ಥಿ ಗ್ರಹ, ದೃಢಪಟ್ಟದ್ದಲ್ಲ. ಅಂತರರಾಷ್ಟ್ರೀಯ ರೂಢಿಯಲ್ಲಿ ಜೋಡಿಯ ನಕ್ಷತ್ರಗಳಿಗೆ ದೊಡ್ಡಕ್ಷರ, ಗ್ರಹಗಳಿಗೆ ಸಣ್ಣಕ್ಷರ, ಅದೂ ‘ಬಿ’ಯಿಂದ ಆರಂಭ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ನಾವು ‘ಗ್ಲೀಸೆ 65 ಬಿ’ ಎಂದಷ್ಟೇ ಬರೆದರೆ ಭುಗಿಲೇಳುವ ನಕ್ಷತ್ರವೋ ಅದರ ಬಳಿಯ ಗ್ರಹವೋ ಓದುಗರಿಗೆ ತಿಳಿಯುವುದಿಲ್ಲ. ಹಾಗಾಗಿ ನಾನು ಯಾವಾಗಲೂ ‘ನಕ್ಷತ್ರ ಬಿ’, ‘ಗ್ರಹ ಬಿ’ ಎಂದು ಬಿಡಿಸಿ ಬರೆಯುತ್ತೇನೆ. ನಕ್ಷತ್ರ ಬಿಗೆ ಯುವಿ ಸೆಟಿ ಎಂಬ ಸ್ವಂತ ಹೆಸರೂ ಇರುವುದರಿಂದ ಸಾಧ್ಯವಾದಲ್ಲೆಲ್ಲ ಅದನ್ನೇ ಬಳಸುತ್ತೇನೆ.