ಚಿತ್ರವಿರುವ ಪುಸ್ತಕಗಳನ್ನಷ್ಟೇ ಓದಿದರೆ ಅದು ಓದೇ?

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಚಿತ್ರಪುಸ್ತಕ ಮತ್ತು ಗ್ರಾಫಿಕ್ ಕಾದಂಬರಿಗಳನ್ನು (ಕಾಮಿಕ್ಸ್‌ನಂತೆ ಚೌಕಟ್ಟು ಚೌಕಟ್ಟಾಗಿ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕಗಳನ್ನು) ಬಿಟ್ಟು ಬೇರೇನನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಅವುಗಳನ್ನೇ ಮತ್ತೆ ಮತ್ತೆ ಓದುತ್ತಾಳೆ. ಇದನ್ನು ಓದು ಎನ್ನಬಹುದೇ? ಇವನ್ನು ನಿಲ್ಲಿಸಿ ದೊಡ್ಡ ಪುಸ್ತಕಗಳನ್ನು ಕೊಡಬೇಕೇ?

ಉತ್ತರ: ಖಂಡಿತವಾಗಿಯೂ ಅದು ಓದೇ. ದಯವಿಟ್ಟು ಅವಳ ಕೈಯಿಂದ ಆ ಪುಸ್ತಕಗಳನ್ನು ಕಿತ್ತುಕೊಳ್ಳಬೇಡಿ. ಬೇರೆ ಬಗೆಯ ಪುಸ್ತಕಗಳೂ ಬರಲಿ, ಆದರೆ ಇವುಗಳ ಜೊತೆಗೆ ಬರಲಿ.

ಚಿತ್ರವೆಂದರೆ ಅಕ್ಷರ ಬರುವ ತನಕ ಹಿಡಿದು ನಡೆಯುವ ಊರುಗೋಲು, ಓದು ಬಂದ ಮೇಲೆ ಅದನ್ನು ಎಸೆಯಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಒಳ್ಳೆಯ ಚಿತ್ರಪುಸ್ತಕವೊಂದನ್ನು ನಿಧಾನವಾಗಿ ನೋಡಿದವರಿಗೆ ಈ ನಂಬಿಕೆ ಉಳಿಯುವುದಿಲ್ಲ. ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ಪುಸ್ತಕವನ್ನೇ ನೋಡಿ. ಇಂಗ್ಲಿಷ್ ಮೂಲದಲ್ಲಿ ಅದರ ಪಠ್ಯ ಕೇವಲ 32 ಪದಗಳ ಒಂದೇ ವಾಕ್ಯ: ಕೋಳಿಯೊಂದು ಅಂಗಳ ದಾಟಿ, ಕೊಳ ಸುತ್ತಿ, ಜೇನುಗೂಡುಗಳ ಅಡಿಯಲ್ಲಿ ಹಾದು, ಊಟದ ಹೊತ್ತಿಗೆ ಮರಳುತ್ತದೆ. ಪಠ್ಯದಲ್ಲಿ ಇರುವುದು ಅಷ್ಟೇ. ಚಿತ್ರಗಳಲ್ಲಿ ಮಾತ್ರ ಒಂದು ನರಿ ಅದರ ಬೆನ್ನು ಹತ್ತಿದೆ, ನೆಗೆದಾಗಲೆಲ್ಲ ಎಡವಟ್ಟು ಮಾಡಿಕೊಳ್ಳುತ್ತಿದೆ. ನರಿಯ ಹೆಸರನ್ನು ಪಠ್ಯ ಒಮ್ಮೆಯೂ ಎತ್ತುವುದಿಲ್ಲ. ನಿರೂಪಣೆ ಮುಚ್ಚಿಟ್ಟದ್ದು, ಕೋಳಿಗೂ ಗೊತ್ತಿಲ್ಲದ್ದು, ಮಗುವಿಗೆ ಮಾತ್ರ ಗೊತ್ತು. ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಈ ಅಂತರವನ್ನು ಹಿಡಿಯುವುದು ಸಾಹಿತ್ಯದ ಓದಿನಲ್ಲಿ ದೊಡ್ಡ ಕೌಶಲ. ಇಲ್ಲಿ ಅದು ಅಕ್ಷರ ಬಾರದ ಮಗುವಿಗೂ ನಗುನಗುತ್ತಲೇ ಸಿಗುತ್ತದೆ.

ಗ್ರಾಫಿಕ್ ಕಾದಂಬರಿಯಲ್ಲಿ ಓದುಗರ ಕೆಲಸ ಇನ್ನೂ ಹೆಚ್ಚು. ಒಂದು ಚೌಕಟ್ಟಿನಲ್ಲಿ ಮೇಜಿನ ಅಂಚಿಗೆ ಸರಿದ ಲೋಟ, ಮುಂದಿನದರಲ್ಲಿ ನೆಲದ ಮೇಲೆ ಗಾಜಿನ ಚೂರು. ಲೋಟ ಬಿದ್ದದ್ದನ್ನು ಯಾರೂ ಬರೆದಿಲ್ಲ. ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಅದನ್ನು ಬೀಳಿಸಿದವಳು ನಿಮ್ಮ ಮಗಳೇ. ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ರಕಟಿಸಿದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಈ ಖಾಲಿ ಜಾಗವನ್ನೇ ಕಾಮಿಕ್ಸ್ ಕಲೆಯ ಜೀವಾಳ ಎಂದು ವಿವರಿಸುತ್ತದೆ. ಪುಟವೊಂದಕ್ಕೆ ಐದಾರು ಚೌಕಟ್ಟುಗಳೆಂದರೂ ನೂರಿನ್ನೂರು ಪುಟಗಳಲ್ಲಿ ಇಂಥ ಊಹೆ ಎಷ್ಟು ಬಾರಿ ನಡೆಯುತ್ತದೆ ಎಂದು ಯೋಚಿಸಿ. ಜೊತೆಗೆ ಮುಖಭಾವ, ಬಣ್ಣ, ಪಾತ್ರಗಳ ಮಾತನ್ನು ಬರೆದಿರುವ ಬಲೂನುಗಳ ಕ್ರಮ ಎಲ್ಲವನ್ನೂ ಒಟ್ಟಿಗೆ ಗಮನಿಸಬೇಕು.

ಪದಸಂಪತ್ತಿನ ಬಗ್ಗೆಯೂ ಅಷ್ಟು ಹೆದರಬೇಕಿಲ್ಲ. ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಅಹ್ರೆನ್ಸ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷಿನ ಪ್ರತಿ 1,000 ಪದಗಳಲ್ಲಿ ಅಪರೂಪದವು ಎಷ್ಟು ಎಂದು ಎಣಿಸಿದರು. ಪದವೀಧರರ ಪರಸ್ಪರ ಮಾತುಕತೆಯಲ್ಲಿ ಸುಮಾರು 17, ಮಕ್ಕಳ ಪುಸ್ತಕಗಳಲ್ಲಿ ಸುಮಾರು 31, ಕಾಮಿಕ್ಸ್‌ನಲ್ಲಿ 53! ಎಲ್ಲ ಭಾಷೆಗೂ ಇದೇ ಅಂಕಿ ಹೊಂದಬೇಕೆಂದಿಲ್ಲ. ಆದರೂ ಕಾರಣ ಊಹಿಸಬಹುದು: ಬಲೂನಿನಲ್ಲಿ ಜಾಗ ಕಡಿಮೆ, ಹಾಗಾಗಿ ಬರೆಯುವವರು ನಿಖರವಾದ ಪದವನ್ನೇ ಹುಡುಕುತ್ತಾರೆ.

ಹಾಗೆಂದು ಚಿತ್ರವಿದ್ದದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಜನಪ್ರಿಯ ಕಾರ್ಟೂನ್ ಪಾತ್ರಗಳ ಹೆಸರಿನಲ್ಲಿ ಅವಸರದಲ್ಲಿ ಕಟ್ಟಿದ ಪುಸ್ತಕಗಳು ರಾಶಿ ರಾಶಿ ಬರುತ್ತವೆ. ನಾಯಿ ಓಡುತ್ತಿರುವ ಚಿತ್ರದ ಕೆಳಗೆ ‘ನಾಯಿ ಓಡಿತು’ ಎಂದಿರುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಚಿತ್ರವನ್ನು ಕೈಯಿಂದ ಮುಚ್ಚಿ ಪಠ್ಯ ಓದಿ, ಆಮೇಲೆ ಪಠ್ಯ ಮುಚ್ಚಿ ಚಿತ್ರ ನೋಡಿ. ಎರಡೂ ಸಲ ಏನೂ ಕಳೆದುಹೋಗದಿದ್ದರೆ ಅದನ್ನು ಅಲ್ಲೇ ಬಿಡಿ. ಇನ್ನೊಂದು ಎಚ್ಚರಿಕೆ: ಚಿತ್ರರೂಪದಲ್ಲಿದ್ದ ಮಾತ್ರಕ್ಕೆ ಅದು ಮಕ್ಕಳದಲ್ಲ. 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಇಲಿ ಬೆಕ್ಕುಗಳ ರೂಪದಲ್ಲಿ ಯಹೂದಿಗಳ ನರಮೇಧವನ್ನು ಹೇಳುತ್ತದೆ. ಇಂಥವನ್ನು ಕೊಡುವ ಮೊದಲು ನೀವು ಪೂರ್ತಿ ಓದಲೇಬೇಕು.

ಗದ್ಯಕ್ಕೆ ಮಾತ್ರ ಸಾಧ್ಯವಾಗುವುದೂ ಇದೆ, ಅದನ್ನು ಮರೆಯಬಾರದು. ಪಾತ್ರದ ಮುಖವನ್ನು ಓದುವವರೇ ಕಲ್ಪಿಸಿಕೊಳ್ಳಬೇಕು. ಪುಟಗಟ್ಟಲೆ ಸಾಗುವ ಮನಸ್ಸಿನ ತೊಳಲಾಟದ ಜೊತೆ ಉಳಿಯಬೇಕು. ಇದು ಅಭ್ಯಾಸದಿಂದ ಬರುತ್ತದೆ, ಒತ್ತಾಯದಿಂದ ಬರುವುದಿಲ್ಲ. ರಾತ್ರಿ ಚಿತ್ರವಿಲ್ಲದ ಕಾದಂಬರಿಯ ಒಂದೊಂದೇ ಅಧ್ಯಾಯವನ್ನು ನೀವು ಗಟ್ಟಿಯಾಗಿ ಓದಿ ಹೇಳಿ. 10 ವರ್ಷ ಅದಕ್ಕೆ ದೊಡ್ಡ ವಯಸ್ಸಲ್ಲ. ನಡುವಿನ ದಾರಿಯ ಪುಸ್ತಕಗಳೂ ಇವೆ. ಬ್ರಯಾನ್ ಸೆಲ್ಜ್‌ನಿಕ್ ಅವರ ‘ದಿ ಇನ್ವೆನ್ಷನ್ ಆಫ್ ಹ್ಯೂಗೋ ಕ್ಯಾಬ್ರೆ’ 500ಕ್ಕೂ ಹೆಚ್ಚು ಪುಟಗಳ ಕೃತಿ. ಅದರಲ್ಲಿ ಗದ್ಯ ನಿಂತಲ್ಲಿಂದ ಪೆನ್ಸಿಲ್ ಚಿತ್ರಗಳು ಕಥೆಯನ್ನು ಮುಂದಕ್ಕೆ ಒಯ್ಯುತ್ತವೆ. ಚಿತ್ರಪುಸ್ತಕಗಳಿಗೆ ಮೀಸಲಾದ ಕ್ಯಾಲ್ಡೆಕಾಟ್ ಪದಕ 2008ರಲ್ಲಿ ಇದಕ್ಕೆ ಸಂದಿತು.

ಮತ್ತೆ ಮತ್ತೆ ಓದುವುದು ಸೋಮಾರಿತನವಲ್ಲ. ಮೊದಲ ಸಲ ಕಥೆ ಎಳೆದುಕೊಂಡು ಹೋಗುತ್ತದೆ, ಹಿನ್ನೆಲೆಯಲ್ಲಿ ನಿಂತವರು ಕಣ್ಣಿಗೆ ಬೀಳುವುದು ಎರಡನೆಯ, ಮೂರನೆಯ ಓದಿನಲ್ಲಿ. ಪಕ್ಕದಲ್ಲಿ ಕುಳಿತು ‘ಇಲ್ಲಿ ನಿನಗೆ ಏನು ಕಾಣಿಸಿತು?’ ಎಂದು ಕೇಳಿ. ಸರಿ ಉತ್ತರ ಬರಲೇಬೇಕೆಂಬ ಪರೀಕ್ಷೆ ಮಾಡಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಣ್ಣಿಟ್ಟಿರಿ. ಬಲೂನಿನ ಮಾತನ್ನು ಗಟ್ಟಿಯಾಗಿ ಓದುವಾಗ ಅವಳು ಪದೇ ಪದೇ ತಡವರಿಸುತ್ತಾಳೆಯೇ, ಉದ್ದದ ಬಲೂನುಗಳನ್ನು ಹಾರಿಸಿ ಚಿತ್ರ ನೋಡಿ ಊಹಿಸುತ್ತಾಳೆಯೇ? ಹಾಗಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇರಬಹುದು. ಅವಳ ಶಿಕ್ಷಕರ ಜೊತೆ ಮಾತನಾಡಿ, ಬೇಕಾದರೆ ತಜ್ಞರಲ್ಲಿ ಪರೀಕ್ಷೆ ಮಾಡಿಸಿ. ಆಗಲೂ ಈ ಪುಸ್ತಕಗಳನ್ನು ದೂರ ಮಾಡಬೇಡಿ. ಓದು ಕಷ್ಟವಾದ ಮಗು ತಾನಾಗಿಯೇ ಪುಟ ತೆರೆಯುವುದು ಇವುಗಳಲ್ಲೇ.